ಒಂದೇ ಕೋಶದಿಂದ ಹೆಪ್ಪು ಮಾಡಿದ ಹ್ಯಾನ್ಸನ್

ಮಕ್ಕಳೇ, ಬೆಂಗಳೂರಿನ ವಿಜಯನಗರಕ್ಕೆ ಹೊಂದಿಕೊಂಡಂತೆ ಹೊಸಹಳ್ಳಿ ಇದೆ. ಅಲ್ಲಿನ ಬೇಕರಿಯ ಮುಂದೆ ಹಾದುಹೋದರೆ ಬಿಸಿ ಬನ್ನಿನ ಘಮ ಮೂಗಿಗೆ ಬಡಿಯುತ್ತದೆ. ಬನ್ನು ಅಷ್ಟು ಮೆತ್ತಗೆ ಉಬ್ಬುವುದು ಹೇಗೆ? ಅದನ್ನು ಉಬ್ಬಿಸುವುದು ಯೀಸ್ಟ್. ಅಂಗಡಿಯಲ್ಲಿ ಅದು ಒಣಗಿದ ಸಣ್ಣ ಕಾಳಿನಂತೆ ಸಿಗುತ್ತದೆ. ಆದರೆ ಅದು ಜೀವಿ, ಒಂದೇ ಕೋಶದ ಶಿಲೀಂಧ್ರ. ನಂಬಿಕೆ ಬಾರದಿದ್ದರೆ ದೊಡ್ಡವರನ್ನು ಜೊತೆಗಿಟ್ಟುಕೊಂಡು ಹೀಗೆ ಮಾಡಿ. ಒಂದು ಬಾಟಲಿಗೆ ಅರ್ಧದಷ್ಟು ಉಗುರುಬೆಚ್ಚಗಿನ ನೀರು ಹಾಕಿ. ಎರಡು ಚಮಚ ಸಕ್ಕರೆ ಕರಗಿಸಿ, ಒಂದು ಚಮಚ ಬೇಕರಿ ಯೀಸ್ಟ್ ಸೇರಿಸಿ, ಬಾಯಿಗೆ ಬಲೂನು ಸಿಕ್ಕಿಸಿ. ಸುಮಾರು ಒಂದು ಗಂಟೆಯಲ್ಲಿ ಜೋತುಬಿದ್ದ ಬಲೂನು ಎದ್ದು ನಿಲ್ಲುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಮದ್ಯಸಾರವನ್ನೂ ಬಿಡುತ್ತದೆ. ಇದೇ ಹುದುಗುವಿಕೆ. ನೋಡಿದ ಮೇಲೆ ಆ ನೀರನ್ನು ಚೆಲ್ಲಿಬಿಡಿ, ಕುಡಿಯಬೇಡಿ.

ಯೀಸ್ಟ್‌ಗಳಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಆರಿಸುವ ದಾರಿ ತೋರಿಸಿದವರು ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್. ಅವರು ಈ ಕೆಲಸ ಮಾಡಿದ್ದು ಒಂದು ಬಿಯರ್ ಕಾರ್ಖಾನೆಯಲ್ಲಿ. ಬಿಯರ್‌ಗೂ ಶಾಲೆಯ ಮಕ್ಕಳಿಗೂ ಏನು ಸಂಬಂಧ ಎಂದು ನಿಮ್ಮ ಮೇಷ್ಟ್ರು ಕೇಳಬಹುದು. ಕುಡಿಯುವ ಮಾತು ಬೇಡ, ಪ್ರಯೋಗದ ಮಾತು ಕೇಳೋಣ.

ಹ್ಯಾನ್ಸನ್ ಹುಟ್ಟಿದ್ದು 1842ರಲ್ಲಿ, ಡೆನ್ಮಾರ್ಕಿನ ರೀಬೆ ಎಂಬ ಊರಿನಲ್ಲಿ. ಮನೆಯಲ್ಲಿ ಬಡತನ. ಯುವಕನಾಗಿದ್ದಾಗ ಅವರು ಮನೆಗಳಿಗೆ ಬಣ್ಣ ಬಳಿಯುವ ಕೆಲಸ ಮಾಡಿದರು. ಓದು ಮುಂದುವರಿಸಿದ್ದು ತಡವಾಗಿ, ತಾವೇ ದುಡಿದು. ಹಣಕ್ಕಾಗಿ ಕಾದಂಬರಿಗಳನ್ನೂ ಬರೆದರಂತೆ! ಡಾರ್ವಿನ್ ಬೀಗಲ್ ಹಡಗಿನಲ್ಲಿ ಕೈಗೊಂಡ ಪ್ರವಾಸದ ಕಥನವನ್ನು ಗೆಳೆಯರೊಬ್ಬರ ಜೊತೆ ಡ್ಯಾನಿಶ್ ಭಾಷೆಗೆ ಅನುವಾದಿಸಿದರು. 1876ರಲ್ಲಿ ವಿಶ್ವವಿದ್ಯಾನಿಲಯದ ಚಿನ್ನದ ಪದಕ ಪಡೆದರು. ಯಾವ ವಿಷಯಕ್ಕೆ ಗೊತ್ತೇ? ಸಗಣಿ, ಲದ್ದಿಗಳ ಮೇಲೆ ಬೆಳೆಯುವ ಶಿಲೀಂಧ್ರಗಳನ್ನು ಕುರಿತ ಅಧ್ಯಯನಕ್ಕೆ!

ಆಗ ಕೋಪನ್‌ಹೇಗನ್ ನಗರದಲ್ಲಿ ಜೆ.ಸಿ. ಜೇಕಬ್ಸನ್ ಎಂಬುವರ ಕಾರ್ಲ್ಸ್‌ಬರ್ಗ್ ಕಾರ್ಖಾನೆ ಹೆಸರುವಾಸಿಯಾಗಿತ್ತು. ಬಿಯರ್ ಮಾಡಲು ಮೊಳಕೆ ಬರಿಸಿದ ಬಾರ್ಲಿಯ ಸಿಹಿ ರಸಕ್ಕೆ ಯೀಸ್ಟ್ ಹಾಕಿ ಹುದುಗಿಸುತ್ತಾರೆ. ಜೇಕಬ್ಸನ್ನರಿಗೆ ಬೇಕಾಗಿದ್ದುದು ತಂಪಿನಲ್ಲಿ ನಿಧಾನವಾಗಿ ಕೆಲಸ ಮಾಡಿ ಪಾತ್ರೆಯ ತಳಕ್ಕೆ ಇಳಿಯುವ ಯೀಸ್ಟ್. ಅದು ಜರ್ಮನಿಯ ಮ್ಯೂನಿಕ್ ನಗರದಲ್ಲಿತ್ತು. 1845ರಲ್ಲಿ ಅವರು ಅದನ್ನು ಡಬ್ಬಿಗಳಲ್ಲಿ ತುಂಬಿಕೊಂಡು, ಕುದುರೆಗಾಡಿ ನಿಂತಲ್ಲೆಲ್ಲ ತಣ್ಣೀರು ಸುರಿದು ತಂಪು ಮಾಡುತ್ತಾ ಊರಿಗೆ ತಂದರೆಂದು ಹೇಳುತ್ತಾರೆ. ಅಲ್ಲಿಂದ ಮುಂದೆ ಒಂದು ಸಲದ ಯೀಸ್ಟಿನಲ್ಲಿ ಸ್ವಲ್ಪ ತೆಗೆದಿಟ್ಟು ಮುಂದಿನ ಸಲಕ್ಕೆ ಹಾಕುವುದು.

ನಿಮಗೆ ಇದು ಹೊಸದಲ್ಲ. ನಿಮ್ಮ ಅಮ್ಮ ನಿನ್ನೆಯ ಮೊಸರಿನಲ್ಲಿ ಒಂದು ಚಮಚ ಉಳಿಸಿ ಇವತ್ತಿನ ಹಾಲಿಗೆ ಹೆಪ್ಪು ಹಾಕುತ್ತಾರಲ್ಲವೇ? ಮೊಸರು ಮಾಡುವುದು ಬ್ಯಾಕ್ಟೀರಿಯ, ಯೀಸ್ಟ್ ಅಲ್ಲ. ಆದರೆ ಲೆಕ್ಕ ಒಂದೇ. ಹೆಪ್ಪು ಕೆಟ್ಟರೆ ಮೊಸರೂ ಕೆಡುತ್ತದೆ, ನಾಳೆಯ ಮೊಸರೂ ಕೆಡುತ್ತದೆ. ಆಗ ಪಕ್ಕದ ಮನೆಗೆ ಬಟ್ಟಲು ಹಿಡಿದು ಓಡಬೇಕು.

ಜೇಕಬ್ಸನ್ 1875ರಲ್ಲಿ ಕಾರ್ಖಾನೆಗೆ ಸೇರಿದಂತೆ ಒಂದು ಪ್ರಯೋಗಾಲಯ ತೆರೆದರು. ಅಲ್ಲಿ ಕಂಡುಹಿಡಿದದ್ದನ್ನು ಗುಟ್ಟಾಗಿ ಇಡಬಾರದು, ಎಲ್ಲರಿಗೂ ತಿಳಿಸಬೇಕು ಎಂಬುದು ಅವರ ನಿಯಮ. 1879ರಲ್ಲಿ ಹ್ಯಾನ್ಸನ್ ಅಲ್ಲಿ ಒಂದು ವಿಭಾಗದ ಮುಖ್ಯಸ್ಥರಾದರು.

1883ರ ಹೊತ್ತಿಗೆ ಕಾರ್ಲ್ಸ್‌ಬರ್ಗ್ ಬಿಯರಿಗೇ ಕಾಯಿಲೆ ಬಂತು. ರುಚಿ ಕಹಿಯಾಯಿತು, ವಾಸನೆ ಕೆಟ್ಟಿತು. ಏಕೆ? ಫ್ರಾನ್ಸಿನ ಲೂಯಿ ಪಾಶ್ಚರ್ ಹೆಸರನ್ನು ನೀವು ಕೇಳಿದ್ದೀರಿ. ಬಿಯರ್ ಕೆಡಿಸುವುದು ಒಳಗೆ ಸೇರಿಕೊಂಡ ಬ್ಯಾಕ್ಟೀರಿಯಗಳು ಎಂದು ಅವರು ತೋರಿಸಿದ್ದರು. ಟಾರ್ಟಾರಿಕ್ ಆಮ್ಲದಿಂದ ಯೀಸ್ಟನ್ನು ಶುದ್ಧ ಮಾಡುವ ಕ್ರಮವನ್ನೂ ಹೇಳಿದ್ದರು. ಪಾಶ್ಚರ್ ಹೇಳಿದ ಮೇಲೆ ಇನ್ನೇನು ಎಂದು ಎಲ್ಲರೂ ಬ್ಯಾಕ್ಟೀರಿಯಗಳನ್ನೇ ಹುಡುಕುತ್ತಿದ್ದರು.

ಹ್ಯಾನ್ಸನ್ನರಿಗೆ ಬೇರೆ ಅನುಮಾನ. ಯೀಸ್ಟ್‌ಗಳಲ್ಲೇ ಕೆಟ್ಟ ಜಾತಿ ಇರಬಹುದಲ್ಲ? ಸೂಕ್ಷ್ಮದರ್ಶಕದಲ್ಲಿ ಒಳ್ಳೆಯದೂ ಕೆಟ್ಟದ್ದೂ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ. ನೋಡಿ ಆರಿಸಲಾಗದು. ಒಂದು ಮಿಲಿಮೀಟರ್ ಉದ್ದದಲ್ಲಿ ನೂರಕ್ಕೂ ಹೆಚ್ಚು ಕೋಶಗಳು ಸಾಲಾಗಿ ನಿಲ್ಲುತ್ತವೆ. ಅಂಥದ್ದರಲ್ಲಿ ಒಂದನ್ನು ಮಾತ್ರ ಹಿಡಿಯುವುದು ಹೇಗೆ?

ಅವರ ಉಪಾಯ ನಿಮ್ಮ ಗಣಿತದ ಪುಸ್ತಕದ ಲೆಕ್ಕದಂತಿತ್ತು. ಯೀಸ್ಟನ್ನು ನೀರಿನಲ್ಲಿ ಚೆನ್ನಾಗಿ ಕಲಸಿ, ಒಂದು ಹನಿಯಲ್ಲಿ ಎಷ್ಟು ಕೋಶಗಳಿವೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. ಹನಿಯಲ್ಲಿ 10 ಕೋಶಗಳಿವೆ ಎಂದಿಟ್ಟುಕೊಳ್ಳಿ. ಅದನ್ನು 20 ಮಿಲಿಲೀಟರ್ ನೀರಿಗೆ ಬೆರೆಸಿ, ಸಿಹಿ ರಸವಿರುವ 20 ಗಾಜಿನ ಬುಡ್ಡಿಗಳಿಗೆ ಒಂದೊಂದು ಮಿಲಿಲೀಟರ್ ಹಾಕಿದರೆ? ಕೆಲವು ಬುಡ್ಡಿಗೆ ಒಂದು ಕೋಶ ಬೀಳುತ್ತದೆ, ಕೆಲವಕ್ಕೆ ಏನೂ ಇಲ್ಲ. ಅಪ್ಪಿತಪ್ಪಿ ಎರಡು ಬಿದ್ದರೆ? ಅದಕ್ಕೂ ದಾರಿ ಇತ್ತು. ಬುಡ್ಡಿಗಳನ್ನು ಅಲ್ಲಾಡಿಸಿ, ಆಮೇಲೆ ಕದಲಿಸದೆ ಇಟ್ಟರು. ಕೋಶಗಳು ತಳದಲ್ಲಿ ಬೇರೆ ಬೇರೆ ಕಡೆ ಕುಳಿತವು. ಕೆಲವು ದಿನಗಳಲ್ಲಿ ಒಂದೊಂದು ಕೋಶವೂ ಮರಿ ಹಾಕಿ ಹಾಕಿ ಕಣ್ಣಿಗೆ ಕಾಣುವ ಬಿಳಿ ಚುಕ್ಕೆಯಾಯಿತು. ಎರಡು ಚುಕ್ಕೆ ಇದ್ದ ಬುಡ್ಡಿ ಬೇಡ. ಒಂದೇ ಚುಕ್ಕೆ ಇದ್ದದ್ದನ್ನು ಮಾತ್ರ ಎತ್ತಿಟ್ಟುಕೊಂಡರು. ಅದರಲ್ಲಿರುವುದೆಲ್ಲ ಒಂದೇ ತಾಯಿಯ ಮಕ್ಕಳು.

ಹೀಗೆ ಬೇರ್ಪಡಿಸಿದ ಒಂದೊಂದು ಬಗೆಯಿಂದಲೂ ಬೇರೆ ಬೇರೆಯಾಗಿ ಹುದುಗಿಸಿ ನೋಡಿದರು. ಒಂದರಿಂದ ಎಂದಿನ ಒಳ್ಳೆಯ ರುಚಿ ಬಂತು. ಇನ್ನೊಂದರಿಂದ ಅದೇ ಕಹಿ! ತಪ್ಪು ಮಾಡಿದ್ದು ಕಾರ್ಖಾನೆಗೆ ನುಸುಳಿದ್ದ ಕಾಡು ಯೀಸ್ಟ್. ಪಾಶ್ಚರ್ ಹೇಳಿದ ಆಮ್ಲ ಬ್ಯಾಕ್ಟೀರಿಯಗಳನ್ನು ಅಡಗಿಸುತ್ತಿತ್ತು, ನಿಜ. ಆದರೆ ಕಾಡು ಯೀಸ್ಟ್ ಬೆಳೆಯಲು ಅದೇ ಸಹಾಯ ಮಾಡುತ್ತಿತ್ತು ಎಂಬುದನ್ನೂ ಹ್ಯಾನ್ಸನ್ ತೋರಿಸಿದರು. ಪಾಶ್ಚರ್ ದೊಡ್ಡ ವಿಜ್ಞಾನಿ, ಅವರ ಕೆಲಸವಿಲ್ಲದಿದ್ದರೆ ಹ್ಯಾನ್ಸನ್ ಈ ಪ್ರಶ್ನೆಗೆ ಬರುತ್ತಲೇ ಇರಲಿಲ್ಲ. ಆದರೂ ಇಲ್ಲಿ ಅವರ ಉತ್ತರ ಅರ್ಧ ಮಾತ್ರ ಸರಿಯಾಗಿತ್ತು.

1883ರ ನವೆಂಬರ್ 12ರಂದು ಒಂದೇ ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟನ್ನು ಕಾರ್ಖಾನೆಯ ದೊಡ್ಡ ತೊಟ್ಟಿಗೆ ಹಾಕಿದರು. ಬಿಯರಿನ ಕಾಯಿಲೆ ಹೋಯಿತು. ಜೇಕಬ್ಸನ್ ಬಯಸಿದ್ದರೆ ಆ ಯೀಸ್ಟನ್ನು ಬಚ್ಚಿಟ್ಟುಕೊಂಡು ಬೇರೆ ಕಾರ್ಖಾನೆಗಳನ್ನು ಸೋಲಿಸಬಹುದಿತ್ತು. ಅವರು ಕೇಳಿದವರಿಗೆ ಕೊಟ್ಟರು, ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ. 1908ರಲ್ಲಿ ಹ್ಯಾನ್ಸನ್ ಅದಕ್ಕೆ ಸ್ಯಾಕರೊಮೈಸಿಸ್ ಕಾರ್ಲ್ಸ್‌ಬರ್ಜೆನ್ಸಿಸ್ ಎಂದು ಹೆಸರಿಟ್ಟರು. ಈಗ ಅದನ್ನು ಸ್ಯಾಕರೊಮೈಸಿಸ್ ಪ್ಯಾಸ್ಟೋರಿಯಾನಸ್ ಎಂದು ಕರೆಯುತ್ತಾರೆ. ಹೆಸರನ್ನು ನಿಧಾನವಾಗಿ ಓದಿ, ಅದರಲ್ಲಿ ಪಾಶ್ಚರ್ ಇದ್ದಾರೆ!

ಈ ಯೀಸ್ಟ್ ಎರಡು ಜಾತಿಗಳು ಕೂಡಿ ಹುಟ್ಟಿದ ಮಿಶ್ರ ತಳಿ. ಒಂದು, ಬನ್ನು ಉಬ್ಬಿಸುವ ನಮ್ಮ ಬೇಕರಿ ಯೀಸ್ಟಿನ ಜಾತಿಯದೇ. ಚಳಿ ತಡೆಯುವ ಇನ್ನೊಂದು ಜಾತಿ ಯಾವುದೆಂದು ಬಹಳ ಕಾಲ ತಿಳಿದಿರಲಿಲ್ಲ. 2011ರಲ್ಲಿ ದಕ್ಷಿಣ ಅಮೆರಿಕದ ಪೆಟಗೋನಿಯ ಕಾಡಿನ ಮರಗಳಲ್ಲಿ ಅದು ಸಿಕ್ಕಿತು. ಆಮೇಲೆ ಟಿಬೆಟ್ಟಿನಲ್ಲೂ ಕಂಡಿತು.

ಹ್ಯಾನ್ಸನ್ ಪ್ರಯೋಗಾಲಯದಲ್ಲೇ ಕುಳಿತವರಲ್ಲ. ಕಾಡು ಯೀಸ್ಟ್ ವರ್ಷವಿಡೀ ಎಲ್ಲಿರುತ್ತದೆ ಎಂದು ತಿಳಿಯಲು ಹಣ್ಣಿನ ಮರಗಳ ಕೆಳಗೆ ಹುಡುಕಿದರು. ಬೇಸಿಗೆಯಲ್ಲಿ ಅದು ಮಾಗಿದ ಸಿಹಿ ಹಣ್ಣುಗಳ ಮೇಲೆ, ಚಳಿಗಾಲದಲ್ಲಿ ಮರದ ಬುಡದ ಮಣ್ಣಿನಲ್ಲಿ. ಗಾಳಿ, ಮಳೆ, ಹುಳುಗಳು ಅದನ್ನು ಅಲ್ಲಿಂದಿಲ್ಲಿಗೆ ಸಾಗಿಸುತ್ತವೆ. 1909ರಲ್ಲಿ ಅವರು ತೀರಿಕೊಂಡರು. ನಿಂಬೆಹಣ್ಣಿನಂತೆ ಎರಡೂ ತುದಿ ಚೂಪಾಗಿರುವ ಕಾಡು ಯೀಸ್ಟ್‌ಗಳ ಒಂದು ಕುಲಕ್ಕೆ ಈಗ ಹ್ಯಾನ್ಸನಿಯಾಸ್ಪೋರ ಎಂಬ ಹೆಸರಿದೆ. ಮಾರುಕಟ್ಟೆಯಿಂದ ತಂದ ದ್ರಾಕ್ಷಿ ಗೊಂಚಲಿನ ಸಿಪ್ಪೆಯ ಮೇಲೂ ಅವು ಇರಬಹುದು.