ಕಲ್ಲಿನ ಅಂಚಿನಲ್ಲಿ ಉತ್ತರ ಕಂಡ ಜೇಮ್ಸ್ ಹಟ್ಟನ್

ಮಕ್ಕಳೇ, ಬಾದಾಮಿಯ ಗುಹಾಲಯಗಳ ಕೆಂಪು ಮರಳುಗಲ್ಲಿನಲ್ಲಿ ಒಂದರ ಮೇಲೊಂದು ಪದರಗಳು ಕಾಣುತ್ತವೆ. ಹಂಪಿಯ ಗ್ರಾನೈಟ್ ಬಂಡೆಗಳಲ್ಲಿ ಅಂತಹ ಪದರಗಳಿಲ್ಲ. ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲನೆಯದು ಕಣಶಿಲೆ, ಎರಡನೆಯದು ಅಗ್ನಿಶಿಲೆ ಎಂದು ನೀವು ಓದಿರುತ್ತೀರಿ. ಆದರೆ ಗ್ರಾನೈಟ್ ಬಿಸಿಯಿಂದ ಹುಟ್ಟಿತು ಎಂದು ತೋರಿಸಲು ಒಬ್ಬರು ಬೆಟ್ಟ ಕಣಿವೆಗಳನ್ನೆಲ್ಲ ಅಲೆಯಬೇಕಾಯಿತು. ಅವರೇ ಜೇಮ್ಸ್ ಹಟ್ಟನ್.

ಹಟ್ಟನ್ 1726ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. 1749ರಲ್ಲಿ ವೈದ್ಯ ಪದವಿ ಪಡೆದರೂ ರೋಗಿಗಳನ್ನು ನೋಡಲು ಹೋಗಲಿಲ್ಲ. ತಂದೆಯ ಜಮೀನಿನಲ್ಲಿ ಬೇಸಾಯಕ್ಕೆ ಇಳಿದರು. ನನಗಂತೂ ಅವರ ನಿಜವಾದ ಶಾಲೆ ಆ ಹೊಲವೇ ಎನಿಸುತ್ತದೆ. ಮಳೆಗೆ ಹೊಲದ ಮಣ್ಣು ಕೊಚ್ಚಿ ಹಳ್ಳಕ್ಕೆ, ಹಳ್ಳದಿಂದ ಸಮುದ್ರಕ್ಕೆ ಹೋಗುವುದನ್ನು ಎಲ್ಲ ರೈತರೂ ಕಂಡಿರುತ್ತಾರೆ. ಹೀಗೇ ಆಗುತ್ತಿದ್ದರೆ ನೆಲವೆಲ್ಲ ಸವೆದುಹೋಗಬೇಕಿತ್ತಲ್ಲ, ಏಕೆ ಹೋಗಿಲ್ಲ? ಹಟ್ಟನ್ ಯೋಚಿಸಿದರು. ಸಮುದ್ರದ ತಳ ಸೇರಿದ ಮರಳು, ಮಣ್ಣು ಪದರ ಪದರವಾಗಿ ಕೂತು ಕಲ್ಲಾಗುತ್ತದೆ. ಭೂಮಿಯ ಒಳಗಿನ ಶಾಖ ಅದನ್ನು ಮತ್ತೆ ಮೇಲೆತ್ತುತ್ತದೆ. ಇದು ಅವರು ಕಂಡುಕೊಂಡ ಉತ್ತರ.

ಆಗ ಜರ್ಮನಿಯಲ್ಲಿ ವರ್ನರ್ ಎಂಬ ಹೆಸರಾಂತ ಪ್ರಾಧ್ಯಾಪಕರಿದ್ದರು. ಗ್ರಾನೈಟ್ ಕೂಡ ಸಮುದ್ರದ ನೀರಿನಿಂದಲೇ ಹರಳುಗಟ್ಟಿತು, ಅದೇ ಎಲ್ಲಕ್ಕಿಂತ ಹಳೆಯ ಕಲ್ಲು ಎಂದು ಅವರು ಕಲಿಸುತ್ತಿದ್ದರು. ಬಹಳ ಜನ ಅದನ್ನೇ ನಂಬಿದ್ದರು. 1785ರಲ್ಲಿ ಹಟ್ಟನ್ ತಮ್ಮ ವಿಚಾರವನ್ನು ಎಡಿನ್‌ಬರೋದ ವಿದ್ವಾಂಸರ ಮುಂದಿಟ್ಟರು. ಮಾತು ಸಾಲದು, ಸಾಕ್ಷಿ ಬೇಕಿತ್ತು.

ಒಡೆದ ಇಟ್ಟಿಗೆಗಳ ರಾಶಿಯ ಮೇಲೆ ಬಿಸಿ ಬೆಲ್ಲದ ಪಾಕ ಸುರಿದರೆ ಏನಾಗುತ್ತದೆ? ಪಾಕ ಸಂದಿಗಳಿಗೆಲ್ಲ ನುಗ್ಗಿ ಗಟ್ಟಿಯಾಗುತ್ತದೆ. ಇಟ್ಟಿಗೆ ಮೊದಲಿನದು, ಪಾಕ ಆಮೇಲಿನದು ಎಂದು ನೋಡಿದವರಿಗೆ ತಿಳಿಯುತ್ತದೆ. ಅದೇ ವರ್ಷ ಗ್ಲೆನ್ ಟಿಲ್ಟ್ ಎಂಬ ಕಣಿವೆಯ ಹೊಳೆಯಲ್ಲಿ ಹಟ್ಟನ್ ಕಂಡದ್ದು ಇಂಥದೇ ನೋಟ. ಕೆಂಪು ಗ್ರಾನೈಟ್ ಅಲ್ಲಿನ ಕಪ್ಪು ಕಲ್ಲಿನ ಬಿರುಕುಗಳಿಗೆ ನುಗ್ಗಿತ್ತು. ಹಾಗಾದರೆ ಗ್ರಾನೈಟ್ ಆ ಕಲ್ಲಿಗಿಂತ ಹೊಸದು. ನುಗ್ಗುವಾಗ ಅದು ಕರಗಿದ ಶಿಲಾಪಾಕವಾಗಿತ್ತು! ತಮ್ಮ ಊರಿನ ಸಾಲ್ಸ್‌ಬರಿ ಕ್ರ್ಯಾಗ್ಸ್ ಎಂಬ ಕಡಿದಾದ ಬಂಡೆಸಾಲಿನಲ್ಲೂ ಅವರು ಹೀಗೆಯೇ ನೋಡಿದರು. ಅಲ್ಲಿ ಅಗ್ನಿಶಿಲೆ ಕಣಶಿಲೆಯ ಪದರಗಳ ನಡುವೆ ಹೊಕ್ಕು, ಅವನ್ನು ಮೇಲೆತ್ತಿ ಮುರಿದಿದೆ. ಅದಕ್ಕೆ ತಾಗಿದ ಕಣಶಿಲೆ ಇಟ್ಟಿಗೆಯಂತೆ ಸುಟ್ಟು ಗಡುಸಾಗಿದೆ.

ಹಟ್ಟನ್ ಹೇಳಿದ್ದೆಲ್ಲ ಸರಿಯಲ್ಲ. ಮರಳು ಕಲ್ಲಾಗುವುದಕ್ಕೂ ಶಾಖವೇ ಕಾರಣ ಎಂದು ಅವರು ನಂಬಿದ್ದರು. ಮೇಲಿನ ಪದರಗಳ ಭಾರ ಮತ್ತು ನೀರು ಹೊತ್ತು ತರುವ ಖನಿಜಗಳು ಮರಳಿನ ಕಣಗಳನ್ನು ಬೆಸೆಯುತ್ತವೆ ಎಂದು ಈಗ ನಮಗೆ ಗೊತ್ತು. ನೀರಿನ ಪಾತ್ರವನ್ನು ಎತ್ತಿ ಹಿಡಿದ ವರ್ನರ್ ಪೂರ್ತಿ ಸೋತರು ಎನ್ನುವಂತಿಲ್ಲ.

1795ರಲ್ಲಿ ಹಟ್ಟನ್‌ರ ದೊಡ್ಡ ಗ್ರಂಥ ಹೊರಬಂತು. ಅದನ್ನು ಓದುವುದು ಕಷ್ಟ ಎಂದು ಗೆಳೆಯರೇ ಹೇಳುತ್ತಿದ್ದರು. 1797ರಲ್ಲಿ ಅವರು ತೀರಿಕೊಂಡರು. ಕಲ್ಲನ್ನು ಕುಲುಮೆಯಲ್ಲಿ ಕರಗಿಸಿ ನೋಡುವ ಆಸೆ ಗೆಳೆಯ ಜೇಮ್ಸ್ ಹಾಲ್‌ಗೆ ಇತ್ತು. ಹಟ್ಟನ್‌ಗೆ ಅಂತಹ ಪ್ರಯೋಗಗಳಲ್ಲಿ ನಂಬಿಕೆ ಇರಲಿಲ್ಲ. 1798ರಲ್ಲಿ ಹಾಲ್ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಕರಗಿಸಿದ ಅಗ್ನಿಶಿಲೆಯನ್ನು ಬೇಗ ತಣಿಸಿದಾಗ ಗಾಜಿನಂತಾಯಿತು. ನಿಧಾನವಾಗಿ ತಣಿಸಿದಾಗ ಅದರಲ್ಲಿ ಮತ್ತೆ ಹರಳುಗಳು ಮೂಡಿ ಕಲ್ಲಾಯಿತು.