ತಾನು ಸವೆದು ಹಡಗು ಉಳಿಸುವ ಲೋಹ

ಕೆಲವು ತಿಂಗಳ ಹಿಂದೆ ನಮ್ಮ ಮನೆಯ ಗೀಸರ್ ರಿಪೇರಿಗೆ ಬಂದ ಮೆಕ್ಯಾನಿಕ್ ಟ್ಯಾಂಕಿನೊಳಗಿಂದ ಒಂದು ಕಡ್ಡಿ ತೆಗೆದು ತೋರಿಸಿದರು. ಬೆರಳು ಗಾತ್ರದ ಮೆಗ್ನೀಸಿಯಂ ಕಡ್ಡಿ ತಂತಿಯಷ್ಟು ಸಣ್ಣಗಾಗಿತ್ತು. ಟ್ಯಾಂಕಿಗೆ ತುಕ್ಕು ಹಿಡಿಯಬಾರದೆಂದು ಅದು ತಾನೇ ಕರಗುತ್ತದೆಯಂತೆ. ಕೇಳಿದ ಅಬ್ಬಾ ಅದನ್ನು ಕುರ್ಬಾನಿ ಎಂದರು. ಇಂಗ್ಲಿಷಿನ ಹೆಸರೂ ಅದೇ ಅರ್ಥದ್ದು: ಸ್ಯಾಕ್ರಿಫಿಶಿಯಲ್ ಆನೋಡ್. ನಾನು ಕಾಮರ್ಸ್ ವಿದ್ಯಾರ್ಥಿ. ಅಕೌಂಟೆನ್ಸಿಯಲ್ಲಿ ಸವಕಳಿಯ ಲೆಕ್ಕ ಬರೆಯುತ್ತೇನೆ. ಸವಕಳಿಯನ್ನೇ ತಡೆಯಲು ಹೊರಟವರು ಯಾರೆಂದು ಹುಡುಕಿದಾಗ ಸಿಕ್ಕವರು ಸರ್ ಹಂಫ್ರಿ ಡೇವಿ.

ಡೇವಿ ಹುಟ್ಟಿದ್ದು 1778ರ ಡಿಸೆಂಬರ್ 17ರಂದು, ಇಂಗ್ಲೆಂಡಿನ ಪೆನ್ಜಾನ್ಸ್ ಎಂಬ ಕಡಲತೀರದ ಊರಿನಲ್ಲಿ. ತಂದೆ ಮರದ ಕೆತ್ತನೆ ಕೆಲಸದವರು. 1794ರಲ್ಲಿ ಅವರು ತೀರಿಕೊಂಡಾಗ ಮನೆಯ ಮೇಲೆ ಸಾಲವಿತ್ತು. ಮರುವರ್ಷ ಡೇವಿ ಊರಿನ ವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. ನನ್ನ ವಯಸ್ಸಿನಲ್ಲಿ ಅವರು ಅಲ್ಲಿಯೇ ಇದ್ದರು. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಪುಸ್ತಕ ಓದಿ, ಪ್ರಯೋಗ ಮಾಡಿ ರಸಾಯನಶಾಸ್ತ್ರ ಕಲಿತರು. 1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದರು. 1807ರಲ್ಲಿ ವಿದ್ಯುತ್ ಹರಿಸಿ ಪೊಟ್ಯಾಸಿಯಂ, ಸೋಡಿಯಂಗಳನ್ನು ಬೇರ್ಪಡಿಸಿದರು. ಮರುವರ್ಷ ಬೇರ್ಪಡಿಸಿದವುಗಳಲ್ಲಿ ನಮ್ಮ ಗೀಸರಿನ ಮೆಗ್ನೀಸಿಯಂ ಕೂಡ ಒಂದು. 1815ರಲ್ಲಿ ಗಣಿ ಕಾರ್ಮಿಕರಿಗಾಗಿ ಸುರಕ್ಷಾ ದೀಪ ಮಾಡಿದರು. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. 1820ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷರಾದರು.

ಆಗ ಬ್ರಿಟಿಷ್ ನೌಕಾಪಡೆಯ ಮುಂದೆ ಒಂದು ದೊಡ್ಡ ಖರ್ಚಿನ ಸಮಸ್ಯೆ ಇತ್ತು. ಹಡಗುಗಳು ಮರದವು. ಮರ ಕೊರೆಯುವ ಹುಳುಗಳಿಂದ ಉಳಿಸಲು ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು. ಆದರೆ ಉಪ್ಪುನೀರು ಆ ತಗಡನ್ನೇ ತಿನ್ನುತ್ತಿತ್ತು. 1823ರಲ್ಲಿ ಈ ಪ್ರಶ್ನೆ ಡೇವಿಯವರ ಬಳಿ ಬಂತು. ತಾಮ್ರಕ್ಕಿಂತ ಬೇಗ ಕರಗುವ ಸತು ಅಥವಾ ಕಬ್ಬಿಣದ ತುಂಡನ್ನು ತಾಮ್ರಕ್ಕೆ ತಾಗಿಸಿಟ್ಟರೆ ಸಮುದ್ರದ ನೀರಿನಲ್ಲಿ ಎರಡರ ನಡುವೆ ವಿದ್ಯುತ್ ಹರಿಯುತ್ತದೆ, ಸತು ಕರಗುತ್ತದೆ, ತಾಮ್ರ ಉಳಿಯುತ್ತದೆ ಎಂದು ಅವರು ತೋರಿಸಿದರು. ಎಷ್ಟು ಲೋಹ ಬೇಕೆಂದೂ ಅಳೆದರು. ತಾಮ್ರದ ಹರವಿನ 40ರಲ್ಲಿ ಒಂದು ಪಾಲಿನಿಂದ 150ರಲ್ಲಿ ಒಂದು ಪಾಲಿನಷ್ಟಿದ್ದರೆ ತಾಮ್ರ ಸವೆಯುತ್ತಿರಲಿಲ್ಲ. ಅದಕ್ಕಿಂತ ಕಡಿಮೆಯಾದರೆ ಸವೆಯತೊಡಗುತ್ತಿತ್ತು.

1824ರಲ್ಲಿ ಹಡಗುಗಳಿಗೆ ಈ ತುಂಡುಗಳನ್ನು ಕಟ್ಟಿದರು. ತಾಮ್ರ ಉಳಿಯಿತು. ಆದರೆ ಹಡಗಿನ ತಳಕ್ಕೆ ಪಾಚಿ, ಚಿಪ್ಪಿನ ಜೀವಿಗಳು ದಟ್ಟವಾಗಿ ಅಂಟಿಕೊಂಡವು. ಹಡಗಿನ ವೇಗ ಕುಗ್ಗಿತು. ಇಷ್ಟು ದಿನ ತಾಮ್ರದಿಂದ ನೀರಿಗೆ ಬಿಡುಗಡೆಯಾಗುತ್ತಿದ್ದ ವಿಷವೇ ಆ ಜೀವಿಗಳನ್ನು ದೂರ ಇಡುತ್ತಿತ್ತು. ತಾಮ್ರ ಕರಗುವುದು ನಿಂತ ಕೂಡಲೇ ಆ ಕಾವಲೂ ಹೋಯಿತು. 1825ರಲ್ಲಿ ಸಮುದ್ರದಲ್ಲಿ ಓಡಾಡುವ ಹಡಗುಗಳಿಂದ ಅವುಗಳನ್ನು ತೆಗೆಯಲು ಆದೇಶವಾಯಿತು. ದೇಶದ ಮೊದಲ ಸಾಲಿನ ವಿಜ್ಞಾನಿಗೆ ಎಲ್ಲರ ಎದುರು ಸೋಲಾಯಿತು. 1826ರ ಕೊನೆಯಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. 1829ರ ಮೇ 29ರಂದು ಜಿನೀವಾದಲ್ಲಿ ತೀರಿಕೊಂಡರು. ಆಗ ವಯಸ್ಸು 50.

ಅವರ ವಿಜ್ಞಾನ ಸರಿಯಾಗಿತ್ತು, ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು ಎಂದು ನನಗೆ ಅನಿಸುತ್ತದೆ. ತಾಮ್ರದ ಸವಕಳಿಯನ್ನು ಬರೀ ನಷ್ಟ ಎಂದು ಬರೆದುಕೊಂಡಿದ್ದರು. ಅದರಲ್ಲಿ ಒಂದು ಪಾಲು ತಳವನ್ನು ಸ್ವಚ್ಛವಾಗಿಡುವುದಕ್ಕೆ ಕೊಡುತ್ತಿದ್ದ ಕೂಲಿಯಾಗಿತ್ತು. ಯಾವುದೇ ಖರ್ಚನ್ನು ನಿಲ್ಲಿಸುವ ಮೊದಲು, ಅದರಿಂದ ನಮಗೆ ಏನು ಸಿಗುತ್ತಿತ್ತು ಎಂದು ಕೇಳಬೇಕು.

ಮುಂದೆ ಹಡಗುಗಳು ಉಕ್ಕಿನವಾದವು. ಜೀವಿಗಳು ಅಂಟದಂತೆ ತಡೆಯುವ ಕೆಲಸ ಬೇರೆ ಬಣ್ಣಕ್ಕೆ ಹೋಯಿತು. ಡೇವಿಯವರ ಉಪಾಯ ಮರಳಿ ಬಂತು. ಇಂದು ಸಮುದ್ರದ ದೋಣಿಗೆ ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹ, ಸಿಹಿನೀರಿನ ದೋಣಿಗೆ ಮೆಗ್ನೀಸಿಯಂ ಆರಿಸುತ್ತಾರೆ. ಆ ತುಂಡು ಲೋಹಕ್ಕೆ ಚೆನ್ನಾಗಿ ತಾಗಿರಬೇಕು, ಅದರ ಮೇಲೆ ಬಣ್ಣ ಬಳಿಯಬಾರದು, ಅರ್ಧ ಸವೆದಾಗ ಬದಲಿಸಬೇಕು. ಅದು ಸ್ವಲ್ಪವೂ ಸವೆದಿಲ್ಲವೆಂದರೆ ಖುಷಿಪಡುವಂತಿಲ್ಲ, ಅದು ಕೆಲಸ ಮಾಡುತ್ತಿಲ್ಲ ಎಂದೇ ಅನುಮಾನಿಸಬೇಕು.

ನಮ್ಮ ಗೀಸರಿಗೆ ಹೊಸ ಕಡ್ಡಿ ಹಾಕಿಸಿದ್ದೇವೆ. ಹಳೆಯದನ್ನು ಎಸೆಯಲು ಮನಸ್ಸು ಬರಲಿಲ್ಲ. ಅದು ನನ್ನ ಓದುವ ಮೇಜಿನ ಮೇಲಿದೆ.