ಬಾಲಾಪರಾಧಿಗಳಿಗೆ ಶಾಲೆಯ ಬಾಗಿಲು ತೆರೆದ ಮೇರಿ ಕಾರ್ಪೆಂಟರ್

ಹತ್ತೊಂಬತ್ತನೇ ಶತಮಾನದ ಮಧ್ಯಭಾಗದವರೆಗೂ ಇಂಗ್ಲೆಂಡಿನಲ್ಲಿ ಸಣ್ಣಪುಟ್ಟ ಕಳವು ಮಾಡಿ ಸಿಕ್ಕಿಬಿದ್ದ ಹತ್ತು ಹನ್ನೆರಡು ವರ್ಷದ ಬಾಲಕರೂ ಸೆರೆಮನೆ ಸೇರುತ್ತಿದ್ದರು. ಇಂತಹ ಮಕ್ಕಳಿಗೆ ಬೇಕಾದದ್ದು ಶಿಕ್ಷೆಗಿಂತ ಶಿಕ್ಷಣ ಎಂದು ಪ್ರತಿಪಾದಿಸಿ, ಕಾನೂನಿನ ಬದಲಾವಣೆಗೆ ಶ್ರಮಿಸಿದವರಲ್ಲಿ ಮೇರಿ ಕಾರ್ಪೆಂಟರ್ ಅಗ್ರಗಣ್ಯರು.

1807ರ ಏಪ್ರಿಲ್ 3ರಂದು ಎಕ್ಸೆಟರ್‌ನಲ್ಲಿ ಜನಿಸಿದ ಮೇರಿ, ಬೆಳೆದದ್ದು ಬ್ರಿಸ್ಟಲ್‌ನಲ್ಲಿ. ತಂದೆ ಲ್ಯಾಂಟ್ ಕಾರ್ಪೆಂಟರ್ ಯುನಿಟೇರಿಯನ್ ಪಂಥದ ಧರ್ಮಬೋಧಕರು. ಅವರು ನಡೆಸುತ್ತಿದ್ದ ಶಾಲೆಯಲ್ಲಿ ಹುಡುಗರ ಜತೆಗೇ ಮೇರಿಯ ವಿದ್ಯಾಭ್ಯಾಸ ನಡೆಯಿತು. 1833ರಲ್ಲಿ ಬ್ರಿಸ್ಟಲ್‌ಗೆ ಬಂದಿದ್ದ ರಾಜಾ ರಾಮಮೋಹನ ರಾಯ್ ಅವರ ಪರಿಚಯ ಆಕೆಯಲ್ಲಿ ಭಾರತದ ಬಗ್ಗೆ ಆಸಕ್ತಿ ಮೂಡಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಯ್ ಆ ಊರಿನಲ್ಲಿಯೇ ನಿಧನರಾದರು.

ಬ್ರಿಸ್ಟಲ್‌ನ ಲೂಯಿನ್ಸ್ ಮೀಡ್ ಕೊಳೆಗೇರಿಯಲ್ಲಿ 1846ರಲ್ಲಿ ಮೇರಿ ಬಡಮಕ್ಕಳಿಗಾಗಿ ಉಚಿತ ಶಾಲೆ ಆರಂಭಿಸಿದರು. ಹಸಿವು, ಅನಾದರಗಳೇ ಮಕ್ಕಳನ್ನು ಕಳವಿಗೆ ದೂಡುತ್ತವೆ ಎಂಬ ಸತ್ಯ ಅಲ್ಲಿ ಮನದಟ್ಟಾಯಿತು. 1851ರಲ್ಲಿ ಸುಧಾರಣಾ ಶಾಲೆಗಳ ಕುರಿತು ಗ್ರಂಥ ಪ್ರಕಟಿಸಿದರು. ಮರುವರ್ಷವೇ ಕಿಂಗ್ಸ್‌ವುಡ್‌ನಲ್ಲಿ ಅಂತಹ ಶಾಲೆ ತೆರೆದರು. 1854ರಲ್ಲಿ ಕವಿ ಬೈರನ್ನನ ಪತ್ನಿ ಲೇಡಿ ಬೈರನ್ ಅವರ ನೆರವಿನಿಂದ ಬ್ರಿಸ್ಟಲ್‌ನ ರೆಡ್ ಲಾಡ್ಜ್‌ನಲ್ಲಿ ಬಾಲಕಿಯರಿಗೆ ಪ್ರತ್ಯೇಕ ಶಾಲೆ ಸ್ಥಾಪನೆಯಾಯಿತು. ಓದು ಬರಹದೊಂದಿಗೆ ಹೊಲಿಗೆ, ಬಟ್ಟೆ ಒಗೆಯುವುದು ಮುಂತಾದ ಕೆಲಸಗಳನ್ನೂ ಕಲಿಸಲಾಗುತ್ತಿತ್ತು.

ಅದೇ ವರ್ಷ ಬ್ರಿಟಿಷ್ ಸಂಸತ್ತು ಬಾಲಾಪರಾಧಿಗಳ ಕಾಯ್ದೆಯನ್ನು ಅಂಗೀಕರಿಸಿತು. ಹದಿನಾರು ವರ್ಷದೊಳಗಿನ ಅಪರಾಧಿಗಳನ್ನು ಎರಡರಿಂದ ಐದು ವರ್ಷ ಸುಧಾರಣಾ ಶಾಲೆಗೆ ಕಳುಹಿಸಲು ನ್ಯಾಯಾಲಯಗಳಿಗೆ ಅಧಿಕಾರ ದೊರೆಯಿತು. ಆದರೆ ಗೆಲುವು ಪೂರ್ಣವಾಗಿರಲಿಲ್ಲ. ಶಾಲೆ ಸೇರುವ ಮುನ್ನ ಮಗು ಕನಿಷ್ಠ 14 ದಿನ ಸೆರೆವಾಸ ಅನುಭವಿಸಲೇಬೇಕಿತ್ತು. ತಪ್ಪಿಗೆ ಶಿಕ್ಷೆಯಾಗದಿದ್ದರೆ ಇತರ ಮಕ್ಕಳೂ ದಾರಿ ತಪ್ಪುತ್ತಾರೆ ಎಂಬುದು ಈ ನಿಯಮದ ಪರವಾಗಿದ್ದವರ ವಾದ. ಜೈಲಿನ ಕಳಂಕ ಹೊತ್ತು ಬಂದ ಮಗುವಿನ ಮನಸ್ಸನ್ನು ತಿದ್ದುವುದು ಕಷ್ಟವೆಂದು ನಂಬಿದ್ದ ಮೇರಿ ಅದನ್ನು ಕೊನೆಯವರೆಗೂ ವಿರೋಧಿಸಿದರು.

ಅರವತ್ತರ ಹೊಸ್ತಿಲಿನಲ್ಲಿ, 1866ರಲ್ಲಿ, ಆಕೆ ಮೊದಲ ಬಾರಿಗೆ ಭಾರತಕ್ಕೆ ಬಂದರು. ಒಟ್ಟು ನಾಲ್ಕು ಬಾರಿ ಭೇಟಿ ನೀಡಿ, ಸ್ತ್ರೀಶಿಕ್ಷಣ, ಶಿಕ್ಷಕಿಯರ ತರಬೇತಿ ಹಾಗೂ ಜೈಲು ಸುಧಾರಣೆಗಾಗಿ ಸರ್ಕಾರವನ್ನು ಒತ್ತಾಯಿಸಿದರು. 1876ರಲ್ಲಿ ಭಾರತದಲ್ಲಿಯೂ ಸುಧಾರಣಾ ಶಾಲೆಗಳ ಕಾಯ್ದೆ ಜಾರಿಗೆ ಬಂತು.

1877ರ ಜೂನ್ 14ರಂದು ಮೇರಿ ಬ್ರಿಸ್ಟಲ್‌ನಲ್ಲಿ ನಿಧನರಾದರು. ರಾಮಮೋಹನ ರಾಯ್ ಅವರ ಸಮಾಧಿಯಿರುವ ಆರ್ನೋಸ್ ವೇಲ್ ಸ್ಮಶಾನದಲ್ಲಿಯೇ ಆಕೆಯ ಅಂತ್ಯಸಂಸ್ಕಾರ ನಡೆಯಿತು. ಇಂಗ್ಲೆಂಡಿನ ಮಕ್ಕಳು ಸುಧಾರಣಾ ಶಾಲೆ ಸೇರಲು ಜೈಲನ್ನು ಹಾದುಬರಬೇಕೆಂಬ ನಿಯಮ ಸಂಪೂರ್ಣವಾಗಿ ರದ್ದಾದದ್ದು 1899ರಲ್ಲಿ, ಆಕೆ ಕಣ್ಮುಚ್ಚಿದ 22 ವರ್ಷಗಳ ನಂತರ.